ಮುಳ್ಳಯ್ಯನಗಿರಿ: ಭೌಗೋಳಿಕ ಪರಿಚಯ ಮತ್ತು ಹವಾಗುಣ

ಚಿಕ್ಕಮಗಳೂರು ತಾಲ್ಲೂಕಿನ ಚಂದ್ರದ್ರೋಣ ಪರ್ವತ ಶ್ರೇಣಿಯಲ್ಲಿರುವ ಮುಳ್ಳಯ್ಯನಗಿರಿಯು ಸಮುದ್ರ ಮಟ್ಟದಿಂದ ಸುಮಾರು 1,930 ಮೀಟರ್ ಎತ್ತರವಿದ್ದು, ಕರ್ನಾಟಕದ ಅತ್ಯುನ್ನತ ಶಿಖರವಾಗಿರುತ್ತದೆ. ನೆತ್ತಿಯಲ್ಲಿ ಮುಳ್ಳಪ್ಪಸ್ವಾಮಿಯ ಗದ್ದುಗೆ ಇದ್ದು, ಗಿರಿಗೆ ಈ ಹೆಸರು ಬಂದಿರುವುದು ಅದರಿಂದಲೇ. ಶ್ರೇಣಿಯು ಜಾಗರ ಕಣಿವೆಯನ್ನು ಲಾಳದ ಆಕಾರದಲ್ಲಿ ಸುತ್ತುವರಿದಿದೆ. ಇಲ್ಲಿನ ಶಿಲೆಗಳು 250 ಕೋಟಿ ವರ್ಷಗಳಿಗಿಂತ ಹಳೆಯವು. ಇವುಗಳಲ್ಲಿ ಕಬ್ಬಿಣದ ಅಂಶ ಹೇರಳವಾಗಿದೆ.

ವಿಸ್ತಾರದಲ್ಲಿ ದೊಡ್ಡದಲ್ಲದ ಈ ಶ್ರೇಣಿಯ ನೀರು ಎರಡು ಮಹಾನದಿಗಳಿಗೆ ಹಂಚಿಹೋಗುತ್ತದೆ. ಯಗಚಿಯು ಹೇಮಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಪೂರ್ವದ ವೇದಾ ಮತ್ತು ಆವತಿ ಹೊಳೆಗಳು ಕೂಡಿ ವೇದಾವತಿಯಾಗಿ, ಕಡೂರಿನ ಬಯಲನ್ನು ಹಾದು ಹಿರಿಯೂರಿನ ಬಳಿಯ ವಾಣಿ ವಿಲಾಸ ಸಾಗರಕ್ಕೆ ನೀರುಣಿಸುತ್ತವೆ. ಜಾಗರ ಕಣಿವೆಯ ಸೋಮವಾಹಿನಿ ಭದ್ರೆಗೆ ಸೇರುತ್ತದೆ. ವೇದಾವತಿ, ಭದ್ರೆಗಳೆರಡೂ ಕೃಷ್ಣಾ ಕಣಿವೆಯವು. ಶಿಖರದ ಹುಲ್ಲುಗಾವಲನ್ನು ಬರಡು ನೆಲವೆಂದು ಭಾವಿಸುವವರಿದ್ದಾರೆ. ವಾಸ್ತವವಾಗಿ, ಹುಲ್ಲು ಮತ್ತು ಕಣಿವೆಗಳ ಶೋಲಾ ಕಾಡು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ತೊರೆಗಳಿಗೆ ಬಿಡುತ್ತವೆ. ವಾಹನದ ಚಕ್ರ ಹರಿದ ಜಾಗದಲ್ಲಿ ಮಣ್ಣು ಗಟ್ಟಿಯಾಗಿ, ಮುಂದಿನ ಮಳೆಗೆ ಕೊರಕಲು ಬೀಳುತ್ತದೆ. ಬೇಸಿಗೆಯಲ್ಲಿ ಎಸೆದ ಒಂದು ಬೀಡಿಯ ತುಂಡು ಇಡೀ ಗುಡ್ಡವನ್ನು ಸುಡಬಲ್ಲದು. ಇದೇ ಗುಡ್ಡಗಳಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯು 2022ರಲ್ಲಿ ಹೂಬಿಟ್ಟಿತ್ತು.

ಎತ್ತರಕ್ಕೆ ಏರಿದಂತೆ ಪ್ರತಿ ಸಾವಿರ ಮೀಟರಿಗೆ ಉಷ್ಣಾಂಶವು ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಶಿಖರವು ಚಿಕ್ಕಮಗಳೂರು ನಗರಕ್ಕಿಂತ 800 ಮೀಟರಿಗೂ ಎತ್ತರದಲ್ಲಿರುವುದರಿಂದ ಅಲ್ಲಿ ಸುಮಾರು 5 ಡಿಗ್ರಿಯಷ್ಟು ಹೆಚ್ಚು ತಂಪಿರುತ್ತದೆ. ಗಾಳಿಯ ಕಾರಣ ಚಳಿಯು ಇನ್ನೂ ತೀವ್ರವೆನಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತದ ಮೋಡಗಳು ಪಶ್ಚಿಮದ ಇಳಿಜಾರಿಗೆ ತಾಗಿ ಮೇಲೇರಿ ಮಳೆ ಸುರಿಸುತ್ತವೆ. ಪೂರ್ವದ ಬಯಲಿಗೆ ದೊರೆಯುವುದು ಅಲ್ಪ. ಈ ಅವಧಿಯಲ್ಲಿ ಮಂಜು ಕವಿದರೆ ಕೆಲವೇ ನಿಮಿಷಗಳಲ್ಲಿ ಹತ್ತು ಹೆಜ್ಜೆ ಮುಂದಿನ ದಾರಿಯೂ ಕಾಣದಾಗುತ್ತದೆ, ಮೆಟ್ಟಿಲುಗಳು ಜಾರುತ್ತವೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆಯಲ್ಲಿ ಬೋಳು ನೆತ್ತಿಯ ಮೇಲೆ ಸಿಡಿಲಿನ ಅಪಾಯವಿರುವುದರಿಂದ, ಮೋಡ ಕಟ್ಟುವ ಮುನ್ನವೇ ಕೆಳಗಿಳಿಯತಕ್ಕದ್ದು.

ಕಿರಿದಾದ ಗಿರಿ ರಸ್ತೆಯ ಮೇಲಿನ ಒತ್ತಡವನ್ನು ತಗ್ಗಿಸಲು 2025ರ ಸೆಪ್ಟೆಂಬರ್‌ನಲ್ಲಿ ಪ್ರವಾಸಿ ವಾಹನಗಳಿಗೆ ಆನ್‌ಲೈನ್ ನೋಂದಣಿ ವ್ಯವಸ್ಥೆಯನ್ನು ಜಾರಿಗೆ ತರಲಾಯಿತು. ಭಾರಿ ಮಳೆಯ ದಿನಗಳಲ್ಲಿ ಪ್ರವೇಶವನ್ನು ನಿರ್ಬಂಧಿಸುವ ಸಂದರ್ಭಗಳಿರುವುದರಿಂದ, ಸಾರ್ವಜನಿಕರು ಹೊರಡುವ ಮುನ್ನ ಜಿಲ್ಲಾಡಳಿತದ ಪ್ರಕಟಣೆಯನ್ನು ಪರಿಶೀಲಿಸಿಕೊಳ್ಳಲು ಕೋರಲಾಗಿದೆ.