ಬಡವರ ಹಿತ, ಸಂಸ್ಥೆಗೂ ಆದಾಯ: ಸಾಮಾಜಿಕ ಉದ್ಯಮ ನಡೆಯುವುದು ಹೇಗೆ?

ಬಡವರಿಗೆ ನೆರವಾಗಲು ಎರಡೇ ದಾರಿ ಎಂದು ನಂಬುವವರು ಹೆಚ್ಚು. ಒಂದು ಸರ್ಕಾರದ ಯೋಜನೆ, ಇನ್ನೊಂದು ದಾನಿಗಳ ಹಣ. ಆದರೆ ಮೂರನೆಯ ದಾರಿಯೂ ಇದೆ. ಸರಕು ಅಥವಾ ಸೇವೆಯನ್ನು ಬೆಲೆಗೇ ಮಾರಬೇಕು, ಆ ಆದಾಯದಲ್ಲೇ ಸಂಸ್ಥೆ ನಡೆಯಬೇಕು, ಅದರ ಫಲ ಮಾತ್ರ ಯಾರಿಗಾಗಿ ಸಂಸ್ಥೆ ಹುಟ್ಟಿತೋ ಅವರಿಗೇ ಸೇರಬೇಕು. ಸಾಮಾಜಿಕ ಉದ್ಯಮ ಎಂದರೆ ಇದೇ.

ಭಾರತದಂಥ ದೇಶದಲ್ಲಿ ಇದಕ್ಕೆ ಮಹತ್ವ ಬರಲು ಕಾರಣವಿದೆ. ಬೀದಿ ವ್ಯಾಪಾರಿಗೆ, ಕೂಲಿ ಕಾರ್ಮಿಕರಿಗೆ ಆದಾಯವೇ ಇಲ್ಲವೆಂದಲ್ಲ. ಅದು ಸಣ್ಣದು, ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಬ್ಯಾಂಕ್ ಸಂಬಳದ ಚೀಟಿ ಕೇಳುತ್ತದೆ, ಒಳ್ಳೆಯ ಆಸ್ಪತ್ರೆ ದೂರದ ಪಟ್ಟಣದಲ್ಲಿರುತ್ತದೆ. ಅಗತ್ಯವೂ ಇದೆ, ಅಷ್ಟಿಷ್ಟು ಕೊಡುವ ಮನಸ್ಸೂ ಇದೆ. ಇಲ್ಲದಿರುವುದು ಅವರ ಬದುಕಿಗೆ ಹೊಂದುವ ವ್ಯವಸ್ಥೆ.

ಮುಂಬೈನ 80 ರೂಪಾಯಿ ಸಾಲ

1959ರ ಮಾರ್ಚ್‌ನಲ್ಲಿ ಮುಂಬೈನ ಗಿರ್‌ಗಾಂವ್‌ನಲ್ಲಿ ಏಳು ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಮಾಡಲು ಶುರು ಮಾಡಿದರು. ಅದೇ ಇಂದಿನ ಲಿಜ್ಜತ್ ಪಾಪಡ್. ನಷ್ಟವಾದರೂ ದಾನ ಪಡೆಯಬಾರದು ಎಂದು ಅವರು ಮೊದಲೇ ನಿಶ್ಚಯಿಸಿದ್ದರು. ಹಪ್ಪಳ ಲಟ್ಟಿಸುವ ಮಹಿಳೆಯೇ ಇಲ್ಲಿ ಸಂಸ್ಥೆಯ ಪಾಲುದಾರಳು. ಲಾಭ ಬಂದರೆ ಅದರಲ್ಲೂ ಅವಳಿಗೆ ಪಾಲಿದೆ.

ಹಿಟ್ಟು ಮನೆಗೆ ಒಯ್ದು, ಹಪ್ಪಳ ಮಾಡಿ ತಂದು ಒಪ್ಪಿಸುವ ಕ್ರಮವಿದ್ದುದರಿಂದ, ಹೊರಗೆ ಕೆಲಸಕ್ಕೆ ಹೋಗಲಾಗದ ಮಹಿಳೆಯರ ಕೈಗೂ ಹಣ ಬಂತು.

ಮದುರೈನ ಲೆಕ್ಕಾಚಾರ

ಸರ್ಕಾರಿ ಸೇವೆಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಮದುರೈನಲ್ಲಿ 11 ಹಾಸಿಗೆಗಳ ಅರವಿಂದ್ ಕಣ್ಣಿನ ಆಸ್ಪತ್ರೆ ತೆರೆದರು. ಹಣ ಕೊಡಬಲ್ಲವರಿಂದ ಪಡೆಯುವುದು, ಕೊಡಲಾಗದವರಿಗೆ ಉಚಿತವಾಗಿ ಅಥವಾ ತೀರಾ ಕಡಿಮೆ ದರದಲ್ಲಿ ಶಸ್ತ್ರಚಿಕಿತ್ಸೆ ಮಾಡುವುದು ಅಲ್ಲಿಯ ಕ್ರಮ.

ಇದು ಬರೀ ಉದಾರತೆಯಿಂದ ನಡೆಯುವ ಕೆಲಸವಲ್ಲ. ಹಳ್ಳಿಯ ಯುವತಿಯರಿಗೆ ತರಬೇತಿ ಕೊಟ್ಟು, ತಪಾಸಣೆ ಮತ್ತು ಪೂರ್ವಸಿದ್ಧತೆಯ ಕೆಲಸಗಳನ್ನು ಅವರಿಗೆ ವಹಿಸಲಾಗಿದೆ. ಸರ್ಜನ್ ಒಂದು ಶಸ್ತ್ರಚಿಕಿತ್ಸೆ ಮುಗಿಸುವಷ್ಟರಲ್ಲಿ ಪಕ್ಕದ ಮೇಜಿನ ಮೇಲೆ ಮುಂದಿನ ರೋಗಿ ಸಿದ್ಧವಾಗಿರುತ್ತಾರೆ. ಹೀಗೆ ವೈದ್ಯರ ಸಮಯ ಉಳಿಯುತ್ತದೆ, ಪ್ರತಿ ಶಸ್ತ್ರಚಿಕಿತ್ಸೆಯ ವೆಚ್ಚ ಇಳಿಯುತ್ತದೆ.

ಕಣ್ಣಿನ ಪೊರೆ ತೆಗೆದ ಮೇಲೆ ಹಾಕುವ ಲೆನ್ಸ್ ಆಗ ವಿದೇಶದಿಂದ ಬರುತ್ತಿತ್ತು, ಬಡವರಿಗೆ ಎಟುಕುತ್ತಿರಲಿಲ್ಲ. 1992ರಲ್ಲಿ ಅರವಿಂದ್ ಬಳಗ ಆರೋಲ್ಯಾಬ್ ಎಂಬ ಘಟಕ ಸ್ಥಾಪಿಸಿ ಲೆನ್ಸನ್ನು ತಾನೇ ತಯಾರಿಸಿತು. ಬೆಲೆ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು.

ತಿಂಗಳಿಗೆ 300 ಕಷ್ಟ, ದಿನಕ್ಕೆ 10 ಸುಲಭ

ಬೆಂಗಳೂರಿನಲ್ಲಿ 1995ರಲ್ಲಿ ಆರಂಭವಾದ ಸೆಲ್ಕೋ, ಬಡ ಕುಟುಂಬಗಳಿಗೆ ಸೌರ ದೀಪ ಮಾರಲು ಹೊರಟಿತು. ಇದರ ಸಹ ಸಂಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದೀಪಕ್ಕಿಂತ ದೊಡ್ಡ ಸವಾಲು ಅದಕ್ಕೆ ಹಣ ಕಟ್ಟುವ ಬಗೆಯಾಗಿತ್ತು. ದಿನದ ಗಳಿಕೆಯಲ್ಲಿ ಬದುಕುವ ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಒಟ್ಟಿಗೆ ಹೊಂದಿಸುವುದು ಕಷ್ಟ, ದಿನಕ್ಕೆ 10 ರೂಪಾಯಿ ಕೊಡುವುದು ಸುಲಭ. ಮೊತ್ತ ಒಂದೇ. ಸೆಲ್ಕೋ ಬ್ಯಾಂಕ್‌ಗಳ ಜತೆ ಮಾತಾಡಿ, ಗ್ರಾಹಕರ ಗಳಿಕೆಗೆ ಹೊಂದುವ ಕಂತಿನಲ್ಲಿ ಸಾಲ ಕೊಡಿಸಿತು.

ಕನ್ನಡ ನಾಡಿಗೆ ಈ ಯೋಚನೆ ಹೊಸದಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಕರಾವಳಿಯ ಬ್ಯಾಂಕ್ 1928ರಲ್ಲೇ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಲ್ಲೇ ಸಂಗ್ರಹಿಸುತ್ತಿತ್ತು.

ದಾರಿ ತಪ್ಪಿದರೆ ಏನಾಗುತ್ತದೆ?

ಇದೇ ಸಣ್ಣ ಕಂತಿನ ವ್ಯವಸ್ಥೆ ಜನರಿಗೆ ಉರುಳಾದದ್ದೂ ಉಂಟು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಮತ್ತು ಅದರ ಸ್ಥಾಪಕ ಮುಹಮ್ಮದ್ ಯೂನುಸ್ ಅವರಿಗೆ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಕಿರು ಸಾಲದ ಮೇಲೆ ಎಲ್ಲರ ಕಣ್ಣು ಬಿತ್ತು. ಭಾರತದಲ್ಲೂ ಹೂಡಿಕೆದಾರರ ಹಣ ಈ ಕ್ಷೇತ್ರಕ್ಕೆ ಹರಿದುಬಂತು. 2010ರ ಆಗಸ್ಟ್‌ನಲ್ಲಿ ಹೈದರಾಬಾದ್ ಮೂಲದ ದೊಡ್ಡ ಕಿರು ಸಾಲ ಕಂಪನಿಯೊಂದು ಷೇರು ಪೇಟೆ ಪ್ರವೇಶಿಸಿತು.

ಅದೇ ಹೊತ್ತಿಗೆ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಒಬ್ಬಳೇ ಮಹಿಳೆಗೆ ಹಲವು ಕಂಪನಿಗಳು ಸಾಲ ಕೊಟ್ಟಿದ್ದವು. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎಂಬ ಸ್ಥಿತಿ ಬಂತು. ವಸೂಲಿಯ ಕಿರುಕುಳ, ಆತ್ಮಹತ್ಯೆಗಳ ವರದಿಗಳ ನಂತರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಮರುಪಾವತಿ ಬಹುತೇಕ ನಿಂತುಹೋಯಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕವೂ ಕಿರು ಸಾಲದ ವಸೂಲಿ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು.

ಒಂದು ಮುಖ್ಯ ವ್ಯತ್ಯಾಸ ಇರುವುದು ಒಡೆತನದಲ್ಲಿ. ಗ್ರಾಮೀಣ ಬ್ಯಾಂಕಿನ ಬಹುಪಾಲು ಷೇರು ಸಾಲ ಪಡೆದವರದ್ದೇ. ಷೇರು ಪೇಟೆಯ ಹೂಡಿಕೆದಾರರಿಗೆ ಬೇಕಾದದ್ದು ಪ್ರತಿ ವರ್ಷವೂ ಬೆಳವಣಿಗೆ. ಹೆಚ್ಚು ಸಾಲ ಕೊಟ್ಟಷ್ಟೂ ಕಂಪನಿ ಬೆಳೆದಂತೆ ಕಾಣುತ್ತದೆ. ಸಾಲ ಪಡೆದವರ ಬದುಕು ಏನಾಯಿತು ಎಂಬುದು ಆ ಲೆಕ್ಕಕ್ಕೆ ಬರುವುದಿಲ್ಲ.

ಕಾನೂನಿನಲ್ಲಿ ಏನಿದೆ?

2013ರ ಕಂಪನಿ ಕಾಯ್ದೆಯ ಸೆಕ್ಷನ್ 8ರಡಿ ನೋಂದಾಯಿಸಿದ ಕಂಪನಿ ಲಾಭ ಗಳಿಸಬಹುದು, ಆದರೆ ಅದನ್ನು ಸದಸ್ಯರಿಗೆ ಲಾಭಾಂಶವಾಗಿ ಹಂಚುವಂತಿಲ್ಲ. ಉದ್ದೇಶಿತ ಕೆಲಸಕ್ಕೇ ಬಳಸಬೇಕು. 2019ರ ಬಜೆಟ್‌ನಲ್ಲಿ ಪ್ರಕಟವಾದ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಈಗ ಎನ್ಎಸ್ಇ ಮತ್ತು ಬಿಎಸ್ಇಗಳಲ್ಲಿದೆ. ಲಾಭರಹಿತ ಸಂಸ್ಥೆಗಳು ಇಲ್ಲಿ ವಿಶೇಷ ಬಾಂಡ್‌ಗಳ ಮೂಲಕ ಹಣ ಪಡೆಯಬಹುದು. ಕೊಟ್ಟವರಿಗೆ ಅಸಲೂ ಇಲ್ಲ, ಬಡ್ಡಿಯೂ ಇಲ್ಲ. ಹಣದಿಂದ ಆದ ಕೆಲಸದ ವರದಿ ಸಿಗುತ್ತದೆ.

ನಂಬುವ ಮುನ್ನ ಮೂರು ಪ್ರಶ್ನೆ

ಸಾಮಾಜಿಕ ಉದ್ಯಮ ಎಂದು ಹೇಳಿಕೊಳ್ಳುವ ಸಂಸ್ಥೆಗೆ ಹಣ ಕೊಡುವ, ಅದರಿಂದ ಕೊಳ್ಳುವ ಅಥವಾ ಅಲ್ಲಿ ಕೆಲಸಕ್ಕೆ ಸೇರುವ ಮುನ್ನ ಮೂರು ಸಂಗತಿ ಕೇಳಿ ತಿಳಿಯಬಹುದು. ಬೆಲೆ ಮತ್ತು ಕಂತು ಬಡ ಗ್ರಾಹಕರ ಗಳಿಕೆಗೆ ಹೊಂದುತ್ತದೆಯೇ? ಉಳಿದ ಲಾಭ ಯಾರ ಕೈ ಸೇರುತ್ತದೆ? ದಾನ ನಿಂತರೂ ಕೆಲಸ ಮುಂದುವರಿಯುತ್ತದೆಯೇ?

ಇಂಥ ಸಂಸ್ಥೆಗಳು ಸರ್ಕಾರದ ಆಸ್ಪತ್ರೆ, ಶಾಲೆ, ಪಡಿತರದ ಜಾಗ ತುಂಬಲಾರವು. ಕೈಯಲ್ಲಿ ಏನೂ ಇಲ್ಲದವರಿಗೆ ಅತಿ ಕಡಿಮೆ ಬೆಲೆಯೂ ಹೆಚ್ಚೇ, ಅವರ ಹೊಣೆ ಸರ್ಕಾರದ್ದೇ. ಅಷ್ಟಿಷ್ಟು ಗಳಿಕೆ ಇದ್ದೂ ಮಾರುಕಟ್ಟೆಯ ಕಣ್ಣಿಗೆ ಬೀಳದ ಕೋಟ್ಯಂತರ ಕುಟುಂಬಗಳಿಗೆ ಮಾತ್ರ ಮದುರೈನ ಲೆನ್ಸ್, ಬೆಂಗಳೂರಿನ ದೀಪ, ಮುಂಬೈನ ಹಪ್ಪಳ ತೋರಿಸಿದ ದಾರಿ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ.