ಬರೆದಿಡಲು ಒಂದು, ಕೆಲಸ ನಡೆಸಲು ಇನ್ನೊಂದು

ವ್ಯಾಪಾರದ ಲೆಕ್ಕವನ್ನು ಮೊಬೈಲಿಗೆ ತರಬೇಕು ಎನ್ನುವವರಿಗೆ ಎರಡು ದಾರಿಗಳಿವೆ. ಗೂಗಲ್ ಡಾಕ್ಸ್, ನೋಷನ್‌ನಂಥವು ಮಾಹಿತಿಯನ್ನು ಬರೆದಿಡಲು. ಜೋಹೋ ಕ್ರಿಯೇಟರ್, ಆಪ್‌ಶೀಟ್‌ನಂಥವು ಹೆಚ್ಚು ಕೋಡಿಂಗ್ ಇಲ್ಲದೆ ನಮ್ಮದೇ ಆಪ್ ಮಾಡಿಕೊಳ್ಳಲು. ಯಾವುದು ಯಾವಾಗ ಬೇಕು?

ಇದಕ್ಕೆ ನಮ್ಮ ತಾಲ್ಲೂಕು ಕಚೇರಿಯೇ ಒಳ್ಳೆಯ ಉದಾಹರಣೆ. 2000ದ ಹೊತ್ತಿಗೆ ಬಂದ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಪಹಣಿ ಎಂದರೆ ನೋಡಲು, ಪ್ರತಿ ಪಡೆಯಲು ಇರುವ ದಾಖಲೆ. ಆದರೆ ಜಮೀನು ಮಾರಿದಾಗ ಆಗುವ ಖಾತೆ ಬದಲಾವಣೆ ಒಂದು ಕೆಲಸ. ಅರ್ಜಿ, ನೋಟಿಸು, ಆದೇಶ ಎಂದು ಅದು ಕೈಯಿಂದ ಕೈಗೆ ಸಾಗಬೇಕಿತ್ತು. ಮೊದಲು ಬಂದ ಅರ್ಜಿಗೆ ಮೊದಲ ಸರದಿ ಎಂಬ ನಿಯಮವನ್ನು ಅಲ್ಲಿ ತಂತ್ರಾಂಶದೊಳಗೇ ಇಟ್ಟರು. ದಾಖಲೆಯನ್ನು ಟೈಪ್ ಮಾಡಿಟ್ಟರೆ ಮಾತ್ರ ಸರದಿ ತಾನಾಗಿ ನಡೆಯುವುದಿಲ್ಲ.

ಹುಣಸೂರಿನಲ್ಲಿ ನಮ್ಮ ಚಾಚಾ ಸೌದೆ ವ್ಯಾಪಾರ ಮಾಡುತ್ತಾರೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಲೋಡ್ ಹೋಗುತ್ತದೆ. ಸೊಪ್ಪು ಹರಾಜಾದ ಮೇಲೆ ರೈತರು ಹಣ ಕೊಡುತ್ತಾರೆ. ಅಲ್ಲಿಯವರೆಗೆ ತಿಂಗಳುಗಟ್ಟಲೆ ಬಾಕಿ. ಒಂದು ಲೋಡ್ ಬರೆಯದೆ ಬಿಟ್ಟರೆ ಹಣ ಹೋಯಿತು. ಎರಡು ಸಲ ಬರೆದರೆ ರೈತರ ನಂಬಿಕೆ ಹೋಯಿತು. ಅದಕ್ಕೇ ಅವರು, "ಒಂದು ಆಪ್ ಮಾಡಿಸೋಣವಾ?" ಎಂದು ಕೇಳಿದರು.

ನಾನು ಎರಡು ಪಟ್ಟಿ ಬರೆದೆ. ಟನ್ನಿನ ದರ, ಲಾರಿ ಬಾಡಿಗೆ, ಡ್ರೈವರ್‌ಗಳ ನಂಬರ್, ಲೋಡ್ ಕಳಿಸುವ ನಿಯಮ: ಇವು ಬೇಕಾದಾಗ ತೆಗೆದು ಓದುವಂಥವು, ಡಾಕ್ಸ್ ಸಾಕು. ಆರ್ಡರ್, ತೂಕ, ಜಮಾ, ಬಾಕಿ: ಇವು ದಿನಾ ಬದಲಾಗುತ್ತವೆ, ಮೂರು ಜನರ ಕೈ ದಾಟುತ್ತವೆ. ಆಪ್ ಬೇಕಾಗುವುದು ಇದಕ್ಕೆ.

ಆದರೂ ದುಡ್ಡು ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ಒಬ್ಬರು ಬರೆದ ಮೇಲೆ ಇನ್ನೊಬ್ಬರು ಏನಾದರೂ ಮಾಡಬೇಕೇ? ಬಳಸುವ ಪ್ರತಿಯೊಬ್ಬರಿಗೂ ತಿಂಗಳ ಶುಲ್ಕ ಎಷ್ಟು? ನೆಟ್‌ವರ್ಕ್ ಇಲ್ಲದ ಊರಲ್ಲಿ ನಡೆಯುತ್ತದೆಯೇ? ನಾಳೆ ಬೇಡವೆಂದರೆ ನಮ್ಮ ಲೆಕ್ಕವನ್ನು ಹೊರಗೆ ತೆಗೆದುಕೊಳ್ಳಬಹುದೇ? ಮೊದಲನೆಯದಕ್ಕೆ 'ಇಲ್ಲ' ಎಂದಾದರೆ ಆಪ್‌ನ ಖರ್ಚೇ ಬೇಡ.

'ಹೌದು' ಎಂದಾದರೂ ಮೊದಲು ಕಾಗದ, ಆಮೇಲೆ ಆಪ್. ಲೋಡ್ ಹೊರಟಾಗ ಯಾರು ಬರೆಯಬೇಕು, ಹಣ ಬಂದಾಗ ಯಾರು ಜಮಾ ಮಾಡಬೇಕು ಎಂದು ನಮಗೇ ಬರೆಯಲು ಬಾರದಿದ್ದರೆ ಅದು ಆಪ್‌ಗೂ ಗೊತ್ತಾಗುವುದಿಲ್ಲ. ಅಕೌಂಟೆನ್ಸಿ ಓದುತ್ತಿರುವ ನಾವು ಮನೆಯವರಿಗೆ ಮಾಡಿಕೊಡಬಹುದಾದ ಮೊದಲ ಸಹಾಯ ಈ ಒಂದು ಹಾಳೆ. ಚಾಚಾ ಈ ಸಲ ಹರಾಜು ಶುರುವಾಗುವ ಮೊದಲೇ ಅದನ್ನು ಕೇಳಿದ್ದಾರೆ.