ಇಪ್ಪತ್ನಾಲ್ಕು ಗ್ರೂವಿನ ಸೇಡಂ ಕಂಬ

ಶಹಾಬಾದಿನ ಪರ್ಸಿ ಕಲ್ಲಿಗೆ ಮಲಗಿ ಗೊತ್ತು, ನಿಂತು ಗೊತ್ತಿಲ್ಲ. ನೆಲಕ್ಕೆ ಹಾಸಿದರೆ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಹೊಲದ ಬದುವಿಗೆ ಚಪ್ಪಟೆ ಕಂಬವಾಗಿ ನೆಟ್ಟರೂ ನಡೆದೀತು. ಗುಂಡನೆಯ ಕಂಬ ಕಡೆಯಲು ಹೊರಟರೆ ಮಾತ್ರ ಹಳೇ ಪುಸ್ತಕದ ಹಾಳೆಯಂತೆ ಪದರು ಪದರಾಗಿ ಬಿಟ್ಟುಕೊಳ್ಳುತ್ತದೆ. ಭೀಮಾ ಸೀಮೆಯ ಸುಣ್ಣಕಲ್ಲಿನ ಗುಣವೇ ಹಾಗೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಸ್ತೂಪ ಕಟ್ಟಿದವರು ಇದನ್ನು ಚೆನ್ನಾಗಿ ಅರಿತಿದ್ದರು. ಅಗಲ ಚಪ್ಪಡಿ ಎಬ್ಬಿಸಿ, ಆಳಕ್ಕೆ ಹೋಗದೆ, ಮೈಮೇಲೆ ಉಬ್ಬುಚಿತ್ರ ಬಿಡಿಸಿದರು. ‘ರಾಯೋ ಅಸೋಕೋ’ ಎಂಬ ಬ್ರಾಹ್ಮಿ ಬರಹದೊಂದಿಗೆ ಅಶೋಕನ ಚಿತ್ರ ಸಿಕ್ಕಿದ್ದು ಅಂಥದೇ ಚಪ್ಪಡಿಯ ಮೇಲೆ.

ಹೀಗಿರುವಾಗ ಸೇಡಂನ ಒಂದು ಮನೆಯ ಮಹಡಿಯಲ್ಲಿ, ಹೋಮ್ ಥಿಯೇಟರ್ ಕೋಣೆಯ ನಾಲ್ಕು ಮೂಲೆಯಲ್ಲಿ, ಮೇಲಿಂದ ಕೆಳಗಿನವರೆಗೆ ಉದ್ದುದ್ದ ಗ್ರೂವ್ ತೀಡಿದ ಗುಂಡುಕಂಬಗಳನ್ನು ಕಂಡಾಗ ನನಗೆ ಮಾತೇ ಹೊರಡಲಿಲ್ಲ. ಮನೆಯವರು ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಬೆರಳಿನಿಂದ ಕಂಬವನ್ನು ತಟ್ಟಿ ನಕ್ಕರು: “ಕಲ್ಲಲ್ರೀ ಸರ, ಪೈಪ್ ಅದ. ಒಳಗೂ ಪೈಪ, ಹೊರಗೂ ಪೈಪ.”

ಒಳಗಿರುವುದು 250 ಮಿ.ಮೀ. ಪಿವಿಸಿ ಪೈಪು. ಅದರ ಸುತ್ತ ಅಂಟಿಸಿದ್ದು ಮನೆಗೆ ವೈರಿಂಗ್ ಮಾಡುವಾಗ ಹಾಕುವ 25 ಮಿ.ಮೀ. ಪೈಪು. ಅದನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಟೊಳ್ಳು ಬದಿ ಹೊರಮುಖವಾಗಿ ಕೂರಿಸಿದ್ದಾರೆ. ಪ್ರತಿ ಸೀಳೂ ಒಂದೊಂದು ಗ್ರೂವ್! ಹನ್ನೆರಡು ಪೈಪಿಗೆ ಇಪ್ಪತ್ನಾಲ್ಕು ಗ್ರೂವ್, ಅಲ್ಲಿಗೆ ಒಂದು ಕಂಬ. ವೈರಿಂಗ್ ಪೈಪು ಮೂರು ಮೀಟರ್ ಉದ್ದ ಬರುವುದರಿಂದ ಹತ್ತಡಿ ಎತ್ತರದ ಕೋಣೆಗೆ ನಡುವೆ ಜೋಡಣೆಯೇ ಬೇಕಿಲ್ಲ. ಉಳಿದ ಜಾಗವನ್ನು ಬುಡ ಮತ್ತು ತಲೆಯ ಪಟ್ಟಿಗಳು ಮುಚ್ಚಿಕೊಳ್ಳುತ್ತವೆ. ಅಂಟಿಗೆ ನಳದ ಕೆಲಸದ ಸಾಲ್ವೆಂಟ್ ಸಿಮೆಂಟ್. ಎರಡು ಸೀಳುಗಳ ನಡುವಿನ ಸಂದಿಗೆ ನಾರು ಕಲಸಿದ ಪಿಒಪಿ, ಅದರ ಮೇಲೆ ಪುಟ್ಟಿ. ನುಣ್ಣನೆಯ ಪಿವಿಸಿ ಮೇಲೆ ಪಿಒಪಿ ಹಿಡಿಯುವುದಿಲ್ಲ, ಮೊದಲು ಒರಟು ಮರಳುಕಾಗದದಿಂದ ಚೆನ್ನಾಗಿ ತಿಕ್ಕಲೇಬೇಕು. ಊರಿನ ಗೌಂಡಿಯೊಬ್ಬರು ಇದನ್ನು ಹೇಳಿಕೊಟ್ಟರಂತೆ. ಗಿಲಾವಕ್ಕೆ ಮುಂಚೆ ಕಾಂಕ್ರೀಟಿನ ಮೈ ಕಚ್ಚು ಮಾಡುವ ಕೈಗಳಿಗೆ ಇದೇನು ಹೊಸದಲ್ಲ.

ಗುಂಡು ಪೈಪಿನ ಮೇಲೆ ಇಪ್ಪತ್ನಾಲ್ಕು ಸಮಭಾಗ ಗುರುತಿಸಿದ್ದು ಹೇಗೆ? ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಫಿಟ್ಟರ್ ಟೇಪು ಮುಟ್ಟಲಿಲ್ಲ. ಉದ್ದನೆಯ ಹಾಳಿಯ ಪಟ್ಟಿಯೊಂದನ್ನು ಪೈಪಿಗೆ ಬಿಗಿಯಾಗಿ ಸುತ್ತಿ, ತುದಿ ಕೂಡಿದಲ್ಲಿ ಕತ್ತರಿಸಿದರು. ಪೈಪಿನ ಸುತ್ತಳತೆ ಹಾಗೆಯೇ ಅವರ ಕೈಗೆ ಬಂತು. ಮಡಚಿದರೆ ಎರಡು, ಮತ್ತೆ ಮಡಚಿದರೆ ನಾಲ್ಕು, ಮತ್ತೊಮ್ಮೆ ಎಂಟು. ಆಮೇಲೆ ಒಂದೊಂದು ಮಡಿಕೆಯನ್ನು ಮೂರು ಪಾಲು ಮಾಡಿದರು. “ಹಾಳಿ ಮಡಚೋದು ಒಂದು ಬಂದ್ರ ಸಾಕ್ರೀ, ಲೆಕ್ಕ ಯಾಕ ಬೇಕು?” ಲೆಕ್ಕ ಹಾಕಿದ್ದರೆ 785 ಮಿ.ಮೀ. ಸುತ್ತಳತೆಯನ್ನು ಇಪ್ಪತ್ನಾಲ್ಕರಿಂದ ಭಾಗಿಸಿ 32.7 ಎಂಬ, ಟೇಪಿನ ಮೇಲೆ ಹುಡುಕಲಾಗದ ಸಂಖ್ಯೆ ಬರುತ್ತಿತ್ತು. ಇಪ್ಪತ್ನಾಲ್ಕು ಸಲ ಅಳೆದರೆ ಕೂದಲೆಳೆಯ ತಪ್ಪುಗಳೆಲ್ಲ ಕೂಡಿ ಕೊನೆಯ ಗ್ರೂವ್ ಹಿಗ್ಗುತ್ತಿತ್ತು, ಇಲ್ಲವೇ ಕುಗ್ಗುತ್ತಿತ್ತು. ಮಡಿಕೆಯಲ್ಲಿ ತಪ್ಪು ಕೂಡುತ್ತ ಹೋಗುವುದಿಲ್ಲ, ಹಂಚಿಹೋಗುತ್ತದೆ.

ಗ್ರೀಕರ ಅಯೋನಿಕ್ ಕಂಬಕ್ಕೂ ಸಾಮಾನ್ಯವಾಗಿ ಇಪ್ಪತ್ನಾಲ್ಕೇ ಗ್ರೂವ್, ಎರಡರ ನಡುವೆ ಸಣ್ಣ ಚಪ್ಪಟೆ ಅಂಚು. ಅಥೆನ್ಸಿನ ಪಾರ್ಥೆನಾನ್‌ನಲ್ಲಿರುವ ಡೋರಿಕ್ ಕಂಬಕ್ಕೆ ಇಪ್ಪತ್ತು, ಅಂಚು ಚೂಪು. ಇಪ್ಪತ್ತು ಬೇಕೆಂದರೆ ಹಾಳಿಯನ್ನು ಐದು ಪಾಲು ಮಾಡಬೇಕು, ಅದು ಮಡಚುವವರ ಕೈಗೆ ಸುಲಭಕ್ಕೆ ಬಗ್ಗುವುದಿಲ್ಲ. ನಮ್ಮ ಶಿಲ್ಪಿಗಳದು ಇನ್ನೂ ನೇರ ದಾರಿ: ಚೌಕದ ಮೂಲೆ ತೆಗೆದರೆ ಎಂಟು ಮುಖ, ಎಂಟರ ಮೂಲೆ ತೆಗೆದರೆ ಹದಿನಾರು. ಚೌಕದ್ದು ಬ್ರಹ್ಮಕಾಂತ, ಎಂಟು ಮುಖದ್ದು ವಿಷ್ಣುಕಾಂತ ಎಂದು ವಾಸ್ತುಗ್ರಂಥಗಳು ಹೆಸರಿಟ್ಟಿವೆ. ಗ್ರೂವಿನ ಕಂಬ ಬರೀ ಪರದೇಶದ ಸೊಗಸು ಎನ್ನುವವರು ಮುಂಬೈ ಬಳಿಯ ಎಲಿಫೆಂಟಾ ಗುಹೆಗೆ ಒಮ್ಮೆ ಹೋಗಬೇಕು. ಅಲ್ಲಿ ಕಂಬಗಳ ಮೇಲರ್ಧದ ತುಂಬ ಉದ್ದ ಗ್ರೂವುಗಳೇ.

ಕಲ್ಯಾಣ ಚಾಲುಕ್ಯರ ಕಾಲಕ್ಕೆ ನಮ್ಮ ಸೀಮೆಯ ರುಚಿ ಬೇರೆ ದಾರಿ ಹಿಡಿಯಿತು. ಅವರ ತಿರುಗಣಿ ಕಂಬದಲ್ಲಿ ಗೀರು ಉದ್ದಕ್ಕೆ ಇಳಿಯುವುದಿಲ್ಲ, ಅಡ್ಡಡ್ಡ ಸುತ್ತುತ್ತದೆ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಅರವತ್ತು ಕಂಬದ ಗುಡಿ ಇದೆ. ಅಲ್ಲಿನ 1058ರ ಶಾಸನ ದಂಡನಾಯಕ ಮಧುಸೂದನ ನಡೆಸಿದ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರದ ಲೆಕ್ಕ ಕೊಡುತ್ತದೆ: ವೇದ ಓದುವವರು 200, ಶಾಸ್ತ್ರ ಓದುವವರು 52, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರು ಆರು ಮಂದಿ. ಆರು ಜನ ಗ್ರಂಥಪಾಲಕರು! ಕಂಬದ ಮಾತಿನ ನಡುವೆ ಇದು ಯಾಕೆ ಎನ್ನಬಹುದು. ನಾಗಾವಿಯ ಹೆಸರು ಬಂದಲ್ಲಿ ಆ ಆರು ಜನರನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬಾರದು.

ಈಗ ಅಂಗಡಿಗಳಲ್ಲಿ ಗ್ರೂವ್ ಪ್ಯಾನೆಲ್ ರೆಡಿಮೇಡ್ ಸಿಗುತ್ತದೆ. ನನಗದು ಸೇರುವುದಿಲ್ಲ. ಅದರಲ್ಲಿ ಎಷ್ಟೋ ಮಾಲಿನ ಮೈಯಲ್ಲಿ ಅರ್ಧಗುಂಡು ಪಟ್ಟಿಗಳು ಹೊರಕ್ಕೆ ಉಬ್ಬಿರುತ್ತವೆ, ಒಳಕ್ಕೆ ತಗ್ಗಿರುವುದಿಲ್ಲ. ದೀಪ ಹಾಕಿದಾಗ ವ್ಯತ್ಯಾಸ ತಿಳಿಯುತ್ತದೆ. ಉಬ್ಬಿನ ಮೇಲೆ ಬೆಳಕು ಮೆಲ್ಲಗೆ ಜಾರಿ ಮಂಕಾಗುತ್ತದೆ. ತಗ್ಗಿನಲ್ಲಾದರೆ ಅಂಚು ಬೆಳಗಿ, ಅದರ ಮಗ್ಗುಲಿಗೇ ನೆರಳು ಕಪ್ಪಗೆ ನಿಲ್ಲುತ್ತದೆ. ಆ ಕಪ್ಪು ಗೆರೆಗಳಿಂದಲೇ ಕಂಬ ತೆಳ್ಳಗೆ, ಎತ್ತರವಾಗಿ ಕಾಣುವುದು. ಸೇಡಂನ ಮನೆಯಲ್ಲಿ ಕಂಬಕ್ಕೆ ಗಾಢ ನೀಲಿಯ ಮ್ಯಾಟ್ ಬಣ್ಣ ಬಳಿದಿದ್ದಾರೆ. ಬಿಳಿ ಬಿಟ್ಟಿದ್ದರೆ ಪರದೆಯ ಬೆಳಕೆಲ್ಲ ಅದಕ್ಕೆ ಹೊಡೆದು ಚಿತ್ರ ಮಸುಕಾಗುತ್ತಿತ್ತು. ಎಲ್‌ಇಡಿ ಪಟ್ಟಿ ಕಂಬದ ಎದುರಿಗಿಲ್ಲ, ಪಕ್ಕದ ಗೋಡೆಯ ಮರೆಯಲ್ಲಿದೆ. ಸರಿಯಾದ ಜಾಗ ಅದು. ನೇರ ಬೆಳಕು ಬಿದ್ದರೆ ಗ್ರೂವೆಲ್ಲ ಅಳಿಸಿಹೋದಂತೆ ಕಾಣುತ್ತದೆ.

ಗ್ರೂವ್ ಇದ್ದರೆ ಸದ್ದು ಒಡೆದು ಚದುರುತ್ತದೆ, ಅದಕ್ಕೇ ಡೈಲಾಗ್ ಸ್ಪಷ್ಟ ಎಂದೂ ಫಿಟ್ಟರ್ ಹೇಳಿದರು. ಈ ಮಾತನ್ನು ನಾನು ಒಪ್ಪಲಾರೆ. ಗ್ರೂವಿನ ಆಳ ಸುಮಾರು 12 ಮಿ.ಮೀ. ತಗ್ಗು ಸದ್ದಿನ ಅಲೆಯ ಕಾಲುಭಾಗದಷ್ಟು ಆಳವಾದರೂ ಇರಬೇಕು, ಆಗಲೇ ಅದರ ಪ್ರಭಾವ. ಸೆಕೆಂಡಿಗೆ 343 ಮೀಟರ್ ಓಡುವ ಸದ್ದಿಗೆ ಈ ಆಳ ತಾಗುವುದು ಸುಮಾರು 7,000 ಹರ್ಟ್ಸ್ ಮೇಲೆ. ಮನುಷ್ಯರ ಮಾತು ಬಹುಪಾಲು ಅದರ ಕೆಳಗೇ ಮುಗಿದಿರುತ್ತದೆ. ಸದ್ದು ಚದುರಿಸಲೆಂದೇ 1970ರ ದಶಕದಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್ ಗಣಿತ ಹಾಕಿ ರೂಪಿಸಿದ ಫಲಕಗಳಲ್ಲಿ ತಗ್ಗುಗಳ ಆಳ ಬೇರೆ ಬೇರೆ ಇತ್ತು. ಒಂದೇ ಆಳದ ಸಾಲಿನಿಂದ ಆ ಕೆಲಸ ಆಗದು. ಆ ಕೋಣೆಯಲ್ಲಿ ಮಾತು ಸ್ಪಷ್ಟವಾಗಿ ಕೇಳುವುದಕ್ಕೆ ನನ್ನ ಪ್ರಕಾರ ಕಾರಣ ಹಿಂದಿನ ಗೋಡೆಗೆ ತೂಗುಬಿಟ್ಟ ದಪ್ಪ ಕೌದಿಗಳು, ನೆಲದ ಪರ್ಸಿ ಮುಚ್ಚಿದ ಜಮಖಾನೆ. ಕೌದಿ ಹೊಲಿದ ಅವ್ವ ಅಲ್ಲೇ ಬಾಗಿಲಲ್ಲಿ ಕೂತಿದ್ದರು. ಅವರಿಗೆ ಈ ಮಾತು ಬಹಳ ಸರಿ ಎನಿಸಿತು.

ಖಾಲಿ ಪೈಪು ಮಾತ್ರ ಸದ್ದಿಗೆ ಶತ್ರು. ಬಾಸ್ ಜೋರಾದರೆ ಕಂಬವೇ ಗುಂಯ್‌ಗುಡತೊಡಗುತ್ತದೆ. ಅದಕ್ಕೆ ಬುಡದ ಎರಡಡಿಗೆ ಒಣ ಉಸುಕು, ಮೇಲಕ್ಕೆ ಹಳೇ ಅರಿವೆ ತುರುಕಿದ್ದಾರೆ. ಪೂರ್ತಿ ಉಸುಕು ತುಂಬುವ ಯೋಚನೆ ಯಾರೂ ಮಾಡಬಾರದು. ಒಂದು ಕಂಬವೇ ಎರಡು ಕ್ವಿಂಟಲ್ ದಾಟುತ್ತದೆ, ಮಹಡಿಯ ಸ್ಲ್ಯಾಬ್ ಅಷ್ಟನ್ನು ಎಣಿಸಿ ಹಾಕಿದ್ದಲ್ಲ. ಸ್ಪೀಕರ್ ವೈರು ಒಂದು ಗ್ರೂವಿನ ಹಿಂದಿನ ಸಂದಿಯಲ್ಲಿ ಇಳಿದು ಮರೆಯಾಗಿದೆ.

ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡಿತು, ಪರ್ಸಿ ದೂರದ ಊರುಗಳ ನೆಲಕ್ಕೆ ಹೋಯಿತು. 1968ರಲ್ಲಿ ಎಸಿಸಿ ವಾಡಿಯಲ್ಲಿ ಕಾರ್ಖಾನೆ ತೆರೆಯಿತು, ಆಮೇಲೆ ಸೇಡಂ, ಮಳಖೇಡಗಳಲ್ಲೂ ಚಿಮಣಿ ಎದ್ದವು. ಅಂದಿನಿಂದ ಈ ಸೀಮೆಯ ಸಿಮೆಂಟು ಊರೂರಿನ ಕಂಬಗಳಾಗಿ ನಿಂತಿದೆ. ತಮ್ಮ ಮನೆಗೆಂದು ಇಲ್ಲಿಯವರೇ ಒಬ್ಬರು ಇಷ್ಟು ಅಕ್ಕರೆಯಿಂದ ಕಂಬ ಮಾಡಿಕೊಂಡಿದ್ದು ನನಗೆ ಅದಕ್ಕೇ ದೊಡ್ಡದಾಗಿ ಕಂಡಿತು. ಪ್ರತಿ ಕಂಬದ ಬುಡಕ್ಕೆ ಹದಿನಾಲ್ಕು ಇಂಚು ಚೌಕದ ಎರಡು ಪರ್ಸಿಗಳನ್ನು ಒಂದರ ಮೇಲೊಂದು ಇಟ್ಟು, ಅಂಚು ಪಾಲಿಶ್ ಮಾಡಿಸಿದ್ದಾರೆ.

ಈಗ ಚಿಂಚೋಳಿಯಲ್ಲಿರುವ ಅವರ ಭಾವ ತಮ್ಮ ಹೊಸ ಮನೆಗೂ ಇಂಥ ಕಂಬ ಕೇಳಿದ್ದಾರೆ. ಪೈಪು ಈ ಸಲ 160 ಮಿ.ಮೀ.ದು. ಅಷ್ಟು ಸಣ್ಣ ಮೈಗೆ 25 ಮಿ.ಮೀ. ಸೀಳು ಇಪ್ಪತ್ನಾಲ್ಕು ಹಿಡಿಸುವುದಿಲ್ಲ. ಹದಿನಾರು ಹಾಕಿದರೆ ಹಾಳಿಯನ್ನು ಬರೀ ಎರಡೆರಡು ಮಡಚಿದರೆ ಸಾಕು, ಮೂರರ ಪಾಲಿನ ತಂಟೆಯೇ ಇಲ್ಲ ಎಂಬುದು ಫಿಟ್ಟರ್ ವಾದ. ನಾನಾದರೆ 20 ಮಿ.ಮೀ. ವೈರಿಂಗ್ ಪೈಪು ತಂದು ಹದಿನೆಂಟೋ ಇಪ್ಪತ್ತೋ ಕೂರಿಸಿ ನೋಡಿ ಎಂದೆ. ಕಂಬ ಸಣ್ಣದಾದಷ್ಟೂ ಗ್ರೂವ್ ಸಣ್ಣದಾಗಬೇಕು, ಇಲ್ಲದಿದ್ದರೆ ನೆರಳು ಗೆರೆಯಾಗದೆ ಪಟ್ಟಿಯಾಗಿ ಕಾಣುತ್ತದೆ. “ಎರಡೂ ಒಂದೊಂದು ಅಡಿ ಮಾಡಿ, ಲೈಟ್ ಹಚ್ಚಿ ನೋಡೋಣ್ರೀ” ಎಂದರು.